ಕೊಡಗಿನಲ್ಲಿ ಕಿರಿಯರ ಹಾಕಿ ಆಡಿಸಿದ ವರ್ಷಗಳು

ಡ್ರಿಲ್ ಮಾಸ್ತರ ಕೆಲಸಕ್ಕೆ ಹೊಸದಾಗಿ ಸೇರುವವರು ಒಮ್ಮೊಮ್ಮೆ ನನ್ನ ಹತ್ತಿರ ಬರುತ್ತಾರೆ. ಆಟ ಕಲಿಸುವುದು ಹೇಗೆ ಎಂದು ಕೇಳುತ್ತಾರೆ. ಅದು ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಸೇವೆಯ ಹೆಚ್ಚಿನ ಪಾಲು ಆಟ ಕಲಿಸುವುದರಲ್ಲಿ ಹೋಗಲಿಲ್ಲ. ಆಟ ನಡೆಯುವಂತೆ ನೋಡಿಕೊಳ್ಳುವುದರಲ್ಲಿ ಹೋಯಿತು. ಎರಡೂ ಒಂದೇ ಎಂದುಕೊಂಡು ಈ ಕೆಲಸಕ್ಕೆ ಬಂದವರು ಬೇಗ ಸುಸ್ತಾಗುತ್ತಾರೆ. ನಾನೂ ಹಾಗೇ ಸುಸ್ತಾದವನು.

ಕೊಡಗು ತನ್ನದೇ ರಾಜ್ಯವಾಗಿದ್ದ ಕಾಲದ ಮಾತು ಇದು. ನಾನು ಆಗ ನೆಲ್ಯಹುದಿಕೇರಿಯಲ್ಲಿ ಮಾಸ್ತರನಾಗಿದ್ದೆ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ನಮ್ಮ ಮನೆಯಲ್ಲಿ ಯಾರೂ ಹಾಕಿ ಕೋಲು ಹಿಡಿದವರಲ್ಲ. ನಾನು ಆಡಿದ್ದು ಕಬಡ್ಡಿ, ಖೋಖೋ. ಇಂಥವನ ಮೇಲೆ ಶಾಲಾ ಮಕ್ಕಳ ಕಿರಿಯರ ಹಾಕಿ ಪಂದ್ಯಾವಳಿಯ ಭಾರ ಬಿತ್ತು. ನಮ್ಮ ಶಾಲಾ ಇನ್ಸ್‌ಪೆಕ್ಟರ್ ಅನಂತಯ್ಯನವರು ಮಡಿಕೇರಿಯ ಕಚೇರಿಗೆ ಕರೆಸಿ, ಕೂರಲು ಹೇಳಿ, ಕಾಫಿ ತರಿಸಿದರು. ಕಾಫಿ ಬಂದಾಗಲೇ ನನಗೆ ಅನುಮಾನವಾಗಿತ್ತು.

"ದಕ್ಷಿಣ ಕೊಡಗಿನವರಿಗೆ ಕೊಟ್ರೆ ಮಡಿಕೇರಿಯವರು ಒಪ್ಪೋದಿಲ್ಲ. ಮಡಿಕೇರಿಯವರಿಗೆ ಕೊಟ್ರೆ ದಕ್ಷಿಣದವರು ಬಸ್ಸೇ ಹತ್ತೋದಿಲ್ಲ," ಅಂದರು. "ನೀವು ಯಾರ ಕಡೆಯವರೂ ಅಲ್ಲ. ನಿಮಗೆ ಹಾಕಿನೂ ಗೊತ್ತಿಲ್ಲ. ಹಾಗಾಗಿ ನೀವೇ ಸರಿ."

ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ವಯಸ್ಸು ಚಿಕ್ಕದು.

ಮೊದಲ ವರ್ಷ ನಡೆದದ್ದನ್ನು ಹೇಳಿದರೆ ಈಗಿನವರು ನಗುತ್ತಾರೆ. ಕೊಂಡು ತಂದ ಕೋಲು ಇದ್ದದ್ದು ಪೇಟೆಯ ಒಂದೆರಡು ಶಾಲೆಗಳಲ್ಲಿ ಮಾತ್ರ. ಉಳಿದ ಹುಡುಗರು ತೋಟದಲ್ಲಿ ಕಸಿ ಮಾಡುವಾಗ, ಅಂದರೆ ಗಿಡ ಸವರುವಾಗ, ಕಡಿದು ಹಾಕಿದ ಕಾಫಿ ಗಿಡದ ಕೊಂಬೆಗಳಲ್ಲಿ ತುದಿ ಬಾಗಿದ್ದನ್ನು ಹುಡುಕಿ, ಕೆತ್ತಿ, ಬೆಂಕಿಯಲ್ಲಿ ಕಾಯಿಸಿ ತರುತ್ತಿದ್ದರು. ಅಭ್ಯಾಸಕ್ಕೆ ಬಿದಿರಿನ ಬುಡ ಕೆತ್ತಿದ ಚೆಂಡು. ಕಾಲಿಗೆ ಬಡಿದರೆ ಹುಡುಗ ಅಲ್ಲೇ ಕೂರಬೇಕು. ಶೂ ಅನ್ನುವ ಮಾತೇ ಇರಲಿಲ್ಲ, ಎಲ್ಲರದೂ ಬರಿಗಾಲು. ಅದನ್ನು ಯೋಚಿಸದೆ ನಾನು ಪೇಟೆಯಿಂದ ಸುಣ್ಣ ತರಿಸಿ, ಅದು ಅರಳಿಸಿದ್ದೋ ಅಲ್ಲವೋ ನೋಡದೆ, ಮೈದಾನಕ್ಕೆ ಗೆರೆ ಹಾಕಿಸಿದೆ. ಬೆಳಿಗ್ಗೆಯ ಇಬ್ಬನಿ ಬಿದ್ದ ಹುಲ್ಲು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎರಡೂ ಕಡೆಯ ಹುಡುಗರು ಒಂದು ಕಾಲಿನ ಮೇಲೆ ಕುಣಿಯತೊಡಗಿದರು. ಅಂಗಾಲು ಸುಟ್ಟಿತ್ತು. ಆಟ ನಿಲ್ಲಿಸಿ, ತೋಟದ ಟ್ಯಾಂಕಿನ ಹತ್ತಿರ ಎಲ್ಲರ ಕಾಲು ತೊಳೆಸಿ, ಕೊಬ್ಬರಿ ಎಣ್ಣೆ ಹಚ್ಚಿಸಿದ್ದಾಯಿತು. ಮಾರನೆಯ ದಿನದಿಂದ ಅಕ್ಕಿ ಮಿಲ್ಲಿನ ಹೊಟ್ಟು ಸುರಿದು ಗೆರೆ ಹಾಕಿಸಿದೆ. ಗಾಳಿ ಬಂದರೆ ಗೆರೆ ಹಾರಿಹೋಗುತ್ತಿತ್ತು, ಆದರೆ ಯಾರ ಕಾಲೂ ಸುಡುತ್ತಿರಲಿಲ್ಲ.

ಆದರೆ ಕೋಲು, ಚೆಂಡು, ಗೆರೆ ಇವು ದೊಡ್ಡ ತೊಂದರೆಗಳಲ್ಲ. ಕಿರಿಯರ ಆಟದ ದೊಡ್ಡ ತೊಂದರೆ ಕಿರಿಯರು ಯಾರು ಅನ್ನುವುದು. ಆಗ ಹುಟ್ಟಿದ ದಿನದ ದಾಖಲೆ ಯಾರ ಹತ್ತಿರವೂ ಇರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಅಂದಾಜಿಗೆ ಬರೆದದ್ದೇ ವಯಸ್ಸು. ಆದ್ದರಿಂದ ಬೇರೆ ಕಡೆಗಳಲ್ಲಿ ನಡೆಯುತ್ತಿದ್ದಂತೆ ನಮ್ಮಲ್ಲೂ ಎತ್ತರದ ನಿಯಮ ಮಾಡಿದರು. ಎರಡು ಕಂಬಕ್ಕೆ ಅಡ್ಡಲಾಗಿ ಒಂದು ಬಿದಿರಿನ ಗಳ ಕಟ್ಟುವುದು. ತಲೆ ತಾಗದೆ ಅದರ ಕೆಳಗೆ ನಡೆದುಹೋದವನು ಕಿರಿಯ. ತಾಗಿದವನು ಹೊರಗೆ. ಪ್ರತಿ ವರ್ಷ ಪಂದ್ಯಾವಳಿಯ ಮೊದಲ ದಿನ ಆ ಗಳದ ಪಕ್ಕ ನಿಂತು ನೋಡುವವನು ನಾನು.

ಹುಡುಗರು ಮಂಡಿ ಬಗ್ಗಿಸುತ್ತಿದ್ದರು. ಕತ್ತು ಒಳಗೆಳೆದುಕೊಳ್ಳುತ್ತಿದ್ದರು. ಹಿಂದಿನ ದಿನ ತಲೆ ಬೋಳಿಸಿಕೊಂಡು ಬರುತ್ತಿದ್ದರು. ಅವರ ಮಾಸ್ತರುಗಳು ಪಕ್ಕದಲ್ಲಿ ನಿಂತು, "ಅವನು ನೆಟ್ಟಗೇ ನಿಂತಿದ್ದಾನಲ್ಲ, ಇನ್ನೇನು ಮಾಡ್ಬೇಕು ಮಾರಾಯ್ರೆ?" ಅನ್ನುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಆ ದಿನ ಹತ್ತಿರ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ಗಳದ ಕೆಳಗೆ ಸುಲಭವಾಗಿ ಹೋಗುತ್ತಿದ್ದವನೊಬ್ಬ ಗೋಣಿಕೊಪ್ಪಲಿನ ತಂಡದ ಬಾಬು. ಸಂತೆಗೆ ಗಾಡಿ ಹೊಡೆಯುತ್ತಿದ್ದವರ ಮಗ. ಚಿಕ್ಕಂದಿನಲ್ಲಿ ಏನೋ ಕಾಯಿಲೆಯಾಗಿ ಬೆಳವಣಿಗೆ ನಿಂತುಹೋಗಿತ್ತು. ಒಂದೇ ತರಗತಿಯಲ್ಲಿ ಹಲವು ಸಲ ಉಳಿದಿದ್ದ. ಅವನ ದನಿ ಕೇಳಿದರೆ ವಯಸ್ಸು ಗೊತ್ತಾಗುತ್ತಿತ್ತು; ಎತ್ತರ ನೋಡಿದರೆ ಐದನೇ ತರಗತಿಯವನು. ಅವನು ಚೆಂಡು ಹಿಡಿದು ಹೊರಟರೆ ನಿಜವಾದ ಮಕ್ಕಳು ದಾರಿ ಬಿಟ್ಟು ನಿಲ್ಲುತ್ತಿದ್ದರು. ಆ ತಂಡವನ್ನು ತಯಾರು ಮಾಡುತ್ತಿದ್ದವರು ಸುಬೇದಾರ್ ಮಾದಪ್ಪನವರು. ಸೈನ್ಯದಿಂದ ನಿವೃತ್ತರಾಗಿ ಬಂದು, ಯಾರೂ ಕೇಳದಿದ್ದರೂ ದಿನಾ ಸಂಜೆ ಶಾಲೆಯ ಮೈದಾನಕ್ಕೆ ಹೋಗಿ ಹುಡುಗರನ್ನು ಓಡಿಸುತ್ತಿದ್ದರು. ಕಪ್ಪು ಕೋಟು, ದಪ್ಪ ಮೀಸೆ, ಮಾತು ಕಡಿಮೆ. ಎರಡು ವರ್ಷ ಸಾಲಾಗಿ ಅವರ ತಂಡವೇ ಗೆದ್ದಿತು.

ಗಳದ ಇನ್ನೊಂದು ಕಡೆ ನಿಂತವನು ಗಾಳಿಬೀಡಿನ ಮೊಣ್ಣಪ್ಪ. ಈ ಬರಹವನ್ನು ನಾನು ಬರೆಯಲು ಕೂತದ್ದು ಅವನಿಗಾಗಿಯೇ ಇರಬೇಕು.

ಒಂದು ವರ್ಷ ಅವನ ಆಟ ನೋಡಿದ್ದೆವು. ಗಾಳಿಬೀಡಿನಂಥ ಗುಡ್ಡದ ಊರಲ್ಲಿ ಚೆಂಡು ನಿಲ್ಲುವಷ್ಟು ಸಮತಟ್ಟಾದ ಜಾಗವೇ ಕಷ್ಟ. ಇಳಿಜಾರಿನಲ್ಲಿ ಆಡಿ ಕಲಿತದ್ದಕ್ಕೋ ಏನೋ, ಚೆಂಡು ಅವನ ಕೋಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ಹುಲ್ಲಿನ ಮೇಲೆ ಸದ್ದಿಲ್ಲದೆ ಓಡುತ್ತಿದ್ದ. ಮಾದಪ್ಪನವರು ನನ್ನ ಪಕ್ಕ ಬಂದು, "ಇವನನ್ನು ಚೆನ್ನಾಗಿ ನೋಡಿಕೊಳ್ಳಿ ಮಾಸ್ಟ್ರೇ," ಅಂದಿದ್ದರು. ಅವರು ಬೇರೆ ತಂಡದವನೊಬ್ಬನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ವರ್ಷ ಮೊಣ್ಣಪ್ಪ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಒಂದೇ ಮಳೆಗಾಲದಲ್ಲಿ ಬೆಳೆದುಬಿಟ್ಟಿದ್ದ. ತೋಳು ಅಂಗಿಯಿಂದ ಆಚೆ ಬಂದಿತ್ತು. ಅಡ್ಡಗಳದ ಹತ್ತಿರ ಬಂದು, ಹಣೆ ಅದಕ್ಕೆ ಬಡಿದು, ಅಲ್ಲೇ ನಿಂತ. ಅವನು ಮಂಡಿ ಬಗ್ಗಿಸಲಿಲ್ಲ, ಏನೂ ಮಾಡಲಿಲ್ಲ. ನನ್ನ ಮುಖ ನೋಡಿದ.

"ಈ ಸಲ ಆಗೋದಿಲ್ಲ ಕಣೋ," ಅಂದೆ. "ಪಕ್ಕಕ್ಕೆ ನಿಲ್ಲು."

ಅವನ ಹಿಂದಿನಿಂದ ಬಾಬು ಬಂದ, ತಲೆಯ ಮೇಲೆ ಗೇಣು ಜಾಗ ಬಿಟ್ಟು ಗಳದ ಕೆಳಗೆ ನಡೆದುಹೋದ. ಹನ್ನೆರಡು ವರ್ಷದವನು ಹೊರಗೆ, ಮೀಸೆ ಬಂದವನು ಒಳಗೆ. ನೋಡುತ್ತಿದ್ದವರಿಗೆಲ್ಲ ಅದು ಗೊತ್ತಿತ್ತು. ಆದರೆ ನಿಯಮ ಹಾಗಿತ್ತು.

ಪಂದ್ಯಾವಳಿ ಮುಗಿದು ಕೆಲವು ವಾರಗಳಾದ ಮೇಲೆ ಗಾಳಿಬೀಡಿನ ಮಾಸ್ತರು ಮಡಿಕೇರಿಯಲ್ಲಿ ಸಿಕ್ಕಿ, ಮೊಣ್ಣಪ್ಪ ಶಾಲೆಗೆ ಬರುತ್ತಿಲ್ಲ ಎಂದರು. ಅದು ನನ್ನ ಕೆಲಸವಲ್ಲ. ಆದರೂ ಆ ಶನಿವಾರ ಮಡಿಕೇರಿಯಿಂದ ನಡೆದುಕೊಂಡು ಹೋದೆ. ಅವರ ಮನೆ ತೋಟದ ಮೇಲ್ಗಡೆ ಇತ್ತು. ಅಪ್ಪ ಕುಶಾಲಪ್ಪ ಅಂಗಳದಲ್ಲಿ ಕಾಫಿ ಹರಡುತ್ತಿದ್ದರು. ಹುಡುಗ ಮೂಲೆಯಲ್ಲಿ ಕೂತು ಕಸ ಆರಿಸುತ್ತಿದ್ದ. ನನ್ನನ್ನು ಕಂಡು ಎದ್ದ. ಎದ್ದವನು ಬೆನ್ನು ಬಗ್ಗಿಸಿಕೊಂಡೇ ಒಳಗೆ ಹೋದ.

"ಬೆನ್ನಿಗೆ ಪೆಟ್ಟಾಗಿದೆಯಾ?" ಅಂತ ಕೇಳಿದೆ.

ಕುಶಾಲಪ್ಪ ಕೈ ಒರೆಸಿಕೊಂಡರು. ಅವರ ಮನೆಮಾತು ಕೊಡಗಿನ ಗೌಡರಾಡುವ ಅರೆಭಾಷೆ. ನನ್ನ ಜತೆ ಆಡುವಾಗ ಪೇಟೆಯ ಕನ್ನಡ ಬೆರೆಸುತ್ತಿದ್ದರು.

"ಪೆಟ್ಟು ಇಲ್ಲೆ ಮಾಸ್ಟ್ರೇ. ಹಾಗೇ ನಡೆಯೂದು ಈಗ. ಮಲಗೂದೂ ಮುದ್ದೆ ಆಗಿ. ಉಂಬೂದೂ ಬಿಟ್ಟುಟು." ಅವರು ಕಾಫಿ ಎಳೆಯುವ ಹಲಗೆಯನ್ನು ಗೋಡೆಗೆ ಒರಗಿಸಿದರು. "ರೊಟ್ಟಿ ಇಟ್ಟರೆ ಅರ್ಧ ತಿಂದು ಏಳ್ತಾನೆ. ಯಾಕೆ ಅಂತ ಕೇಳಿದ್ದಕ್ಕೆ ಅವನ ಅವ್ವನ ಹತ್ತಿರ ಹೇಳಿದನಂತೆ, ಉಂಡರೆ ಇನ್ನೂ ಉದ್ದ ಆಗ್ತೇನೆ ಅಂತ."

ನಾನು ಹುಡುಗ ಹೋದ ಬಾಗಿಲ ಕಡೆ ನೋಡಿದೆ.

"ನನ್ನ ಹೈದಂಗೆ ಹನ್ನೆರಡು ಮುಗಿದಿಲ್ಲೆ," ಅಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಮನೆಯಲ್ಲಿ ಎಲ್ಲ ಗಂಡಸರೂ ಉದ್ದ. ಅದು ನಂಗೆ ಗೊತ್ತುಟ್ಟು, ಅವಂಗೆ ಗೊತ್ತಿಲ್ಲೆ. ನೀವೇ ಒಂದು ಮಾತು ಹೇಳಿ."

ಹೇಳಿದೆ. ಒಳಗೆ ಹೋಗಿ ಅವನ ಪಕ್ಕ ಕೂತು, ಉದ್ದ ಬೆಳೆಯುವುದು ಒಳ್ಳೆಯದು, ಮುಂದೆ ದೊಡ್ಡವರ ತಂಡದಲ್ಲಿ ಆಡಬಹುದು, ಈಗ ಶಾಲೆಗೆ ಬಾ, ಊಟ ಮಾಡು ಅಂದೆ. ಅವನು ಎಲ್ಲದಕ್ಕೂ ತಲೆ ಆಡಿಸಿದ. ಕೊನೆಗೆ ಕೇಳಿದ್ದು ಒಂದೇ ಮಾತು: "ಮುಂದಿನ ವರ್ಷ ಗಳ ಮೇಲೆ ಕಟ್ಟುತ್ತೀರಾ ಸರ್?"

ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹೌದು ಅನ್ನುವ ಅಧಿಕಾರವೂ ಇರಲಿಲ್ಲ. ನೋಡೋಣ ಅಂದೆ. ಈ ಕೆಲಸದಲ್ಲಿ ನಾವು ಅತಿ ಹೆಚ್ಚು ಆಡುವ ಮಾತು ಅದು.

ಸೋಮವಾರವೇ ಅನಂತಯ್ಯನವರ ಕಚೇರಿಗೆ ಹೋದೆ. ಈ ಸಲ ಕಾಫಿ ತರಿಸಲಿಲ್ಲ. ಆಗ ರಾಜ್ಯಗಳ ಮರುವಿಂಗಡಣೆಯ ಸುದ್ದಿ ಎಲ್ಲರ ಬಾಯಲ್ಲಿತ್ತು. ಕೊಡಗು ಮೈಸೂರಿಗೆ ಸೇರುತ್ತದೆ, ಸೇರುವುದಿಲ್ಲ ಎಂದು ಹೋಟೆಲಿನಲ್ಲಿ, ಬಸ್ಸಿನಲ್ಲಿ ಜಗಳ. ಕಚೇರಿಯಲ್ಲಿ ಯಾರ ಹುದ್ದೆ ಎಲ್ಲಿಗೆ ಹೋಗುತ್ತದೋ ಎಂಬ ಚಿಂತೆ.

"ನಾಳೆ ಈ ರಾಜ್ಯ ಇರುತ್ತೋ ಇಲ್ಲವೋ ಗೊತ್ತಿಲ್ಲ," ಅಂದರು. "ನಿಮಗೆ ಒಬ್ಬ ಹುಡುಗನ ಎತ್ತರದ ಚಿಂತೆ."

"ಅವನು ಊಟ ಬಿಟ್ಟಿದ್ದಾನೆ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣುಜ್ಜಿಕೊಂಡರು. ಅನಂತಯ್ಯನವರು ಕೆಟ್ಟವರಲ್ಲ, ಅವರಿಗೂ ದಣಿವಾಗಿತ್ತು.

"ಗಳ ಮೇಲೆ ಕಟ್ಟಿದ್ರೆ ಹೈಸ್ಕೂಲಿನವರೆಲ್ಲ ಒಳಗೆ ಬರ್ತಾರೆ. ಎತ್ತರ ಬಿಟ್ಟು ಬೇರೆ ಏನಾದ್ರೂ ದಾರಿ ಇದ್ರೆ ಹೇಳಿ. ಎಲ್ಲ ತಂಡದವರೂ ಒಪ್ಪಬೇಕು. ಒಬ್ಬರು ಬೇಡ ಅಂದ್ರೂ ನಾನು ಕೈ ಹಾಕೋದಿಲ್ಲ."

ಬೇರೆ ದಾರಿ ಹೇಳಿದವರು ಮಡಿಕೇರಿ ಆಸ್ಪತ್ರೆಯ ಕಂಪೌಂಡರು. ಕಟ್ಟಕಡೆಯ ದವಡೆ ಹಲ್ಲು ಚಿಕ್ಕ ಮಕ್ಕಳಿಗೆ ಇರುವುದಿಲ್ಲ, ದೊಡ್ಡವರಾಗುತ್ತ ಮೂಡುತ್ತದೆ. ಬಾಯಿ ತೆರೆಸಿ ನೋಡಿದರೆ ಪೂರ್ತಿ ವಯಸ್ಸು ಹೇಳಲಾಗದಿದ್ದರೂ ಬಹಳ ದೊಡ್ಡವನನ್ನು ಹಿಡಿಯಬಹುದು ಎಂದರು. ತಾವೇ ಬಂದು ನೋಡಿಕೊಡುತ್ತೇನೆ ಎಂದೂ ಒಪ್ಪಿದರು.

ತಂಡಗಳ ಸಭೆ ಕರೆದೆ. ಬಸ್ಸಿನಲ್ಲಿ ಗೋಣಿಕೊಪ್ಪಲಿನಿಂದ ಮಾದಪ್ಪನವರು ಬಂದದ್ದು ಕಂಡಾಗಲೇ ನನ್ನ ಧೈರ್ಯ ಅರ್ಧ ಇಳಿಯಿತು. ಹಲ್ಲಿನ ನಿಯಮ ಬಂದರೆ ಮೊದಲು ಹೊರಗೆ ಹೋಗುವವನು ಅವರ ಬಾಬು. ಎರಡು ವರ್ಷದ ಗೆಲುವು ಅವನ ಮೇಲೆ ನಿಂತಿತ್ತು. ನಾನು ವಿಷಯ ಹೇಳಿ ಕೂತೆ. ಮಡಿಕೇರಿಯ ಮಾಸ್ತರೊಬ್ಬರು, "ದನದ ಸಂತೇಲಿ ಹಲ್ಲು ನೋಡ್ತಾರೆ, ಇಲ್ಲೂ ಅದೇನಾ?" ಅಂದರು. ಎಲ್ಲರೂ ನಕ್ಕರು. ಮಾದಪ್ಪನವರು ನಗಲಿಲ್ಲ.

"ಗಾಳಿಬೀಡಿನ ಆ ಹುಡುಗ ಊಟ ಮಾಡುವುದಿಲ್ಲ ಅಂದಿರಲ್ಲ, ಅದು ಸತ್ಯವಾ?" ಎಂದು ಕೇಳಿದರು.

"ಕಣ್ಣಾರೆ ನೋಡಿ ಬಂದೆ ಸುಬೇದಾರ್ರೇ."

"ಹಾಗಾದರೆ ಹಲ್ಲು ನೋಡಿ." ಮೀಸೆಯ ಮೇಲೆ ಕೈಯಾಡಿಸಿದರು. "ಬಾಬುವಿನ ವಯಸ್ಸು ನನಗೆ ಗೊತ್ತಿಲ್ಲದ್ದಲ್ಲ. ಪಂದ್ಯದ ಬೆಳಿಗ್ಗೆ ಅವನ ಮೀಸೆ ಬೋಳಿಸಿ ಕಳಿಸುತ್ತಿದ್ದವನು ನಾನೇ. ಎತ್ತರ ಮಾತ್ರ ಕೇಳಿದಿರಿ ನೀವು, ಎತ್ತರ ಮಾತ್ರ ತೋರಿಸಿದೆ."

ಅವರು ಒಪ್ಪಿದ ಮೇಲೆ ಬೇಡ ಅನ್ನುವ ಧೈರ್ಯ ಬೇರೆ ಯಾರಿಗೂ ಬರಲಿಲ್ಲ.

ಹೀಗೆ ನಿಯಮ ಬದಲಾಯಿತು. ಮುಂದಿನ ಪಂದ್ಯಾವಳಿಯ ಮೊದಲ ದಿನ ಕಂಪೌಂಡರು ಮರದಡಿ ಬೆಂಚು ಹಾಕಿಕೊಂಡು ಕೂತರು. ಹುಡುಗರು ಸಾಲಾಗಿ ಬಂದು ಬಾಯಿ ತೆರೆದರು. ಮೊಣ್ಣಪ್ಪ ಇನ್ನೂ ಒಂದು ಗೇಣು ಬೆಳೆದಿದ್ದ. ಬಾಯಿ ತೆರೆದ, ಕಂಪೌಂಡರು ನೋಡಿ, "ಮಗು, ಹೋಗು," ಅಂದರು. ಕುಶಾಲಪ್ಪ ದೂರದಲ್ಲಿ ನಿಂತಿದ್ದರು. ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡರು.

ನನಗೆ ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಬಾಬು ಬೆಂಚಿನ ಮುಂದೆ ಬಂದ. ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲವೋ, ಹೇಳಿದ್ದರೂ ನಂಬಿರಲಿಲ್ಲವೋ. ಹೊಸದಾಗಿ ಒಗೆದ ಅಂಗಿ ಹಾಕಿದ್ದ. ಕಂಪೌಂಡರು ಬೆರಳಿಟ್ಟು ನೋಡಿ ನನ್ನ ಕಡೆ ತಿರುಗಿ, ಹಲ್ಲು ಮೂಡಿದೆ ಎಂಬಂತೆ ತಲೆಯಾಡಿಸಿದರು.

"ಪಕ್ಕಕ್ಕೆ ನಿಲ್ಲು ಬಾಬು," ಅಂದೆ.

"ದೊಡ್ಡವರ ಟೀಮಿಗೆ ಹೋದ್ರೆ ನೀನು ಚಿಕ್ಕವನು ಅಂತಾರೆ ಸರ್," ಅಂದ ಅವನು. "ಇಲ್ಲಿ ದೊಡ್ಡವನು ಅಂತೀರಿ. ನಾನು ಎಲ್ಲಿ ಆಡ್ಲಿ?"

ಮಾದಪ್ಪನವರು ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು. ದಿನವಿಡೀ ಅವನು ತಂಡದ ಹತ್ತಿರ ನೀರಿನ ಕೊಡದ ಪಕ್ಕ ಕೂತಿದ್ದ. ಅವನು ಮುಂದೆ ಶಾಲೆ ಬಿಟ್ಟು ಗೋಣಿಕೊಪ್ಪಲಿನಲ್ಲಿ ಜೀಪು ಓಡಿಸಿದ, ಮದುವೆಯಾಗಿ ಮಕ್ಕಳಾದವು, ಚೆನ್ನಾಗಿಯೇ ಬದುಕಿದ. ದಾರಿಯಲ್ಲಿ ನನ್ನನ್ನು ಕಂಡರೆ ಜೀಪು ನಿಲ್ಲಿಸಿ, "ಈ ವರ್ಷ ಯಾರನ್ನು ಹೊರಗೆ ನಿಲ್ಲಿಸಿದ್ರಿ ಸರ್?" ಅಂತ ಕೇಳುತ್ತಿದ್ದ. ನಗುತ್ತಲೇ ಕೇಳುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ದೂರದಲ್ಲಿ ಅವನ ಜೀಪು ಕಂಡರೆ ಒಮ್ಮೊಮ್ಮೆ ಅಂಗಡಿಯೊಳಗೆ ಹೋಗಿ ನಿಂತದ್ದೂ ಉಂಟು.

ಮೊಣ್ಣಪ್ಪ ಆ ವರ್ಷ ಆಡಿದ. ಹೇಗೆ ಆಡಿದ ಎಂದು ಕೇಳಿದರೆ, ಚೆನ್ನಾಗಿ ಆಡಲಿಲ್ಲ. ಕೈಕಾಲು ಉದ್ದವಾಗಿ, ಅವು ಎಲ್ಲಿವೆ ಎಂಬುದೇ ಅವನಿಗೆ ತಿಳಿಯದಂತಾಗಿತ್ತು. ಹಳೆಯ ಕೋಲು ಗಿಡ್ಡವಾಗಿತ್ತು, ಬಗ್ಗಿ ಹೊಡೆಯಲು ಹೋಗಿ ಚೆಂಡು ತಪ್ಪಿಸುತ್ತಿದ್ದ. ತನ್ನ ಕಾಲಿಗೆ ತಾನೇ ತೊಡರಿ ಬಿದ್ದ. ಹಿಂದೆ ನಾವು ನೋಡಿದ್ದ ಆಟ ಆ ಮೈಯಲ್ಲಿ ಉಳಿದಿರಲಿಲ್ಲ. ಗೋಣಿಕೊಪ್ಪಲಿನವರ ಎದುರೇ ಗಾಳಿಬೀಡಿನವರು ಸೋತರು. ಬಾಬು ಇಲ್ಲದ ಗೋಣಿಕೊಪ್ಪಲು ಮುಂದಿನ ಪಂದ್ಯದಲ್ಲಿ ಸೋತಿತು. ಇಷ್ಟೆಲ್ಲ ಓಡಾಡಿ ನಾನು ಮಾಡಿದ ಬದಲಾವಣೆಯ ಫಲ ಅದು.

ಪಂದ್ಯ ಮುಗಿದ ಮೇಲೆ ಕುಶಾಲಪ್ಪನವರ ಹತ್ತಿರ ಹೋಗಿ, "ಅವನ ಆಟ ಮತ್ತೆ ಬರ್ತದೆ, ಈ ವಯಸ್ಸಲ್ಲಿ ಹಾಗೇ," ಅಂದೆ.

"ಬಾರದಿದ್ರೂ ಆಯ್ತು ಮಾಸ್ಟ್ರೇ," ಅಂದರು. "ಬೆಳಿಗ್ಗೆ ಹೊರಡೂಕಾದ್ರೆ ಮೂರು ರೊಟ್ಟಿ ತಿಂದ."

ಹುಡುಗ ಬಸ್ಸಿನ ಹತ್ತಿರ ಗೆಳೆಯರ ನಡುವೆ ನಿಂತಿದ್ದ. ಎಲ್ಲರಿಗಿಂತ ತಲೆಯಷ್ಟು ಮೇಲೆ, ನೆಟ್ಟಗೆ. ಅವನು ಓದು ಮುಗಿಸಿ ಅರಣ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಎಂದು ಆಮೇಲೆ ಕೇಳಿದೆ. ಹಾಕಿ ಆಡಿದ ಸುದ್ದಿ ಏನೂ ಕೇಳಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯವಾಗಿದ್ದದ್ದು ಜಿಲ್ಲೆಯಾಯಿತು. ಅನಂತಯ್ಯನವರಿಗೆ ಬಯಲುಸೀಮೆಯ ಕಡೆ ವರ್ಗವಾಯಿತು. ಹೊಸ ಅಧಿಕಾರಿ ಬಂದರು, ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು. ಇನ್ನು ಮುಂದೆ ಎಲ್ಲ ಜಿಲ್ಲೆಗಳಲ್ಲಿ ಇದ್ದಂತೆ ಇಲ್ಲೂ ನಡೆಯಬೇಕು. ಜಿಲ್ಲೆಗೆ ಒಂದು ತಂಡ ಆರಿಸಿ ಹೊರಗೆ ಕಳಿಸುವುದು. ವಯಸ್ಸಿಗೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ. ಹಳೆಯ ಪಂದ್ಯಾವಳಿ ಬೇಡ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಗಲಿ ಸಾರ್ ಅಂದು ಹೊರಗೆ ಬಂದೆ. ನಿಜ ಹೇಳಬೇಕೆಂದರೆ ಹೊರೆ ಇಳಿಯಿತು ಅನ್ನಿಸಿತು. ಇನ್ನು ಯಾರ ಬಾಯಿಯನ್ನೂ ತೆರೆಸಬೇಕಾಗಿಲ್ಲ, ಯಾರನ್ನೂ ಪಕ್ಕಕ್ಕೆ ನಿಲ್ಲು ಅನ್ನಬೇಕಾಗಿಲ್ಲ.

ಆ ವರ್ಷದ ಮೊದಲ ಪಂದ್ಯಗಳು ನೆಲ್ಯಹುದಿಕೇರಿಯಲ್ಲೇ ಆಗಬೇಕೆಂದು ಹಿಂದೆಯೇ ನಿಶ್ಚಯವಾಗಿತ್ತು. ಪಂದ್ಯಾವಳಿ ಇಲ್ಲವೆಂದು ಎಲ್ಲ ಶಾಲೆಗಳಿಗೂ ಹೇಳಿಕಳಿಸಿದೆ. ಗೋಣಿಕೊಪ್ಪಲಿಗೂ ಹೇಳಿಕಳಿಸಿದ್ದೆ. ಆದರೆ ಮಾದಪ್ಪನವರು ಶಾಲೆಯ ನೌಕರರಲ್ಲವಲ್ಲ, ಅವರಿಗೆ ಯಾರೂ ತಿಳಿಸಲಿಲ್ಲ.

ಪಂದ್ಯ ಶುರುವಾಗಬೇಕಿದ್ದ ಶನಿವಾರ ಬೆಳಿಗ್ಗೆ ನಾನು ಶಾಲೆಯ ಬೀಗ ತೆಗೆಯುತ್ತಿದ್ದೆ. ಮೊದಲ ಬಸ್ಸಿನಿಂದ ಹುಡುಗರು ಒಬ್ಬೊಬ್ಬರಾಗಿ ಇಳಿದರು, ಕೋಲು ಹಿಡಿದುಕೊಂಡು, ತಲೆ ಬಾಚಿಕೊಂಡು. ಕೊನೆಯಲ್ಲಿ ಕಪ್ಪು ಕೋಟಿನ ಮಾದಪ್ಪನವರು. ಮೈದಾನದ ಕಡೆ ನೋಡಿದರು. ಅಲ್ಲಿ ದನ ಮೇಯುತ್ತಿದ್ದವು.

"ಬೇರೆ ತಂಡ ಬಂದಿಲ್ಲವಾ ಮಾಸ್ಟ್ರೇ?"

ನಾನು ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಹುಡುಗರು ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದರು.

"ರಾಜ್ಯ ಹೋಯಿತು ಅಂತ ಗೊತ್ತಿತ್ತು," ಅಂದರು ಮಾದಪ್ಪನವರು. "ಇದೂ ಹೋಯಿತು ಅಂತ ಗೊತ್ತಿರಲಿಲ್ಲ."

"ನನ್ನಿಂದ ತಪ್ಪಾಯ್ತು, ನಾನೇ ನಿಮಗೆ ಹೇಳಿಕಳಿಸಬೇಕಿತ್ತು," ಅಂದೆ. "ಬನ್ನಿ, ಹುಡುಗರಿಗೆ ಕಾಫಿ ಕೊಡಿಸೋಣ. ವಾಪಸ್ ಬಸ್ಸು ಇರೋದು ಸಂಜೆಗೆ."

"ಸಂಜೆವರೆಗೆ ಕಾಫಿ ಕುಡಿಯಲಿಕ್ಕೆ ಆಗುತ್ತದಾ? ನಿಮ್ಮ ಹುಡುಗರನ್ನು ಕರೆಸಿ. ಬಂದಾಗಿದೆ, ಆಡಿಸುವ."

ನಮ್ಮ ಹುಡುಗರಲ್ಲಿ ಕೆಲವರು ತೋಟದ ಕೂಲಿಯವರ ಲೈನ್ ಮನೆಗಳಲ್ಲಿದ್ದರು, ಕೆಲವರು ಹೊಳೆಗೆ ಹೋಗಿದ್ದರು. ಅವರನ್ನೆಲ್ಲ ಕೂಗಿ ಕರೆತರುವ ಹೊತ್ತಿಗೆ ಬಿಸಿಲು ಏರಿತ್ತು. ಪೂರ್ತಿ ತಂಡ ಆಗಲಿಲ್ಲ. ಮಾದಪ್ಪನವರು ತಮ್ಮವರಲ್ಲಿ ಕೆಲವರನ್ನು ನಮ್ಮ ಕಡೆ ಕಳಿಸಿ ಎರಡು ಪಾಲು ಮಾಡಿದರು. ದನಗಳನ್ನು ಅಟ್ಟಿ, ನಾಲ್ಕು ಕಲ್ಲಿಟ್ಟು ಗೋಲು ಮಾಡಿದರು. ಮಲಯಾಳ, ತಮಿಳು, ಕೊಡವ ತಕ್ಕ್, ಕನ್ನಡ ಎಲ್ಲದರಲ್ಲೂ ಕೂಗಾಟ ಶುರುವಾಯಿತು. ನಾನು ಅಭ್ಯಾಸದಂತೆ ಜೇಬಿಗೆ ಕೈಹಾಕಿ ಸೀಟಿ ತೆಗೆದೆ.

"ನೀವು ಕೂತ್ಕೊಳ್ಳಿ," ಅಂದರು ಮಾದಪ್ಪನವರು. ಸೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೈದಾನದೊಳಗೆ ನಡೆದರು.

ಹುಲ್ಲಿನ ಮೇಲೆ ಚಪ್ಪಲಿ ಬಿಚ್ಚಿ ಕೂತೆ. ಇಷ್ಟು ವರ್ಷ ಪಂದ್ಯ ನಡೆಯುವಾಗ ನಾನು ಬಸ್ಸಿನ ಹೊತ್ತು ವಿಚಾರಿಸುತ್ತಿದ್ದೆ, ಜಗಳ ಬಿಡಿಸುತ್ತಿದ್ದೆ, ಮುಂದಿನ ಪಂದ್ಯದವರನ್ನು ಹುಡುಕುತ್ತಿದ್ದೆ. ಆಟದ ಕಡೆ ಬೆನ್ನು ಮಾಡಿಯೇ ನಿಂತಿರುತ್ತಿದ್ದೆ. ಅವತ್ತು ಮೊದಲಿನಿಂದ ಕೊನೆಯವರೆಗೆ ನೋಡಿದೆ. ನಾನು ಆಡಿಸಿದ ಅಷ್ಟೂ ವರ್ಷಗಳಲ್ಲಿ ಪೂರ್ತಿಯಾಗಿ ನೋಡಿದ ಆಟ ಅದೊಂದೇ. ಯಾರು ಗೆದ್ದರು ಎಂದು ಮಧ್ಯಾಹ್ನ ಯಾರೋ ಕೇಳಿದರು. ನಾನು ಗೋಲು ಎಣಿಸಿಯೇ ಇರಲಿಲ್ಲ.